ರೂತಕ್ಕ ಹೋಗುತ್ತಿದ್ದ ಮನೆಗಳು

ಎಲ್ಲಾದರೂ ಒಂದು ಅನ್ಯಾಯ ನಡೆದರೆ ನಾವೆಲ್ಲ ಪೆಟ್ಟು ತಿಂದವರ ಮನೆಗೆ ಹೋಗುತ್ತೇವೆ. ರೂತಕ್ಕ ಹೊಡೆದವನ ಮನೆಗೆ ಹೋಗುತ್ತಿದ್ದರು. ಇದು ಅವರ ಸ್ವಭಾವವೋ ಹಟವೋ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೇನೆ. ಕೈಯಲ್ಲೊಂದು ಸ್ಟೀಲಿನ ಡಬ್ಬಿ, ಹೆಗಲ ಮೇಲೆ ಮಾಸಿದ ಬೂದು ಶಾಲು, ಕಾಲಲ್ಲಿ ನರ್ಸ್ ಆಗಿದ್ದ ಕಾಲದ ಬಿಳಿ ಕ್ಯಾನ್ವಾಸ್ ಶೂ. ಕಾಶಿಯ ನಗವಾ ಬಡಾವಣೆಯ ಗಲ್ಲಿಗಳಲ್ಲಿ ಅವರು ಬಿರಬಿರನೆ ಹೋಗುವುದು ಕಂಡರೆ ಯಾರೋ ಎಲ್ಲೋ ಏನೋ ತಪ್ಪು ಮಾಡಿದ್ದಾರೆ ಎಂದು ತಿಳಿದುಕೊಳ್ಳಬಹುದಿತ್ತು.

"ಪೆಟ್ಟು ತಿಂದವನ ಮನಿಗೆ ಊರೆಲ್ಲಾ ಹೋಗ್ತೈತಿ ಅಕ್ಕೋರ. ಹೊಡದವನ ಮನಿಗೆ ಯಾರ ಹೋಗ್ತಾರ? ಅವನೂ ಉಣಬೇಕಲ್ಲ," ಅನ್ನುತ್ತಿದ್ದರು. ನಾನು ಅವರಿಗಿಂತ ಬಹಳ ಚಿಕ್ಕವಳು. ಆದರೂ ಅವರ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಅನ್ನುತ್ತಾರಂತೆ, ಹಾಗಾಗಿ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದ ನಾನು ಕೊನೆತನಕ ಅಕ್ಕೋರಾಗಿಯೇ ಉಳಿದೆ.

ರೂತಕ್ಕ ಗದಗಿನ ಬೆಟಗೇರಿಯವರು. ಅಜ್ಜನ ಕಾಲಕ್ಕೇ ಕ್ರೈಸ್ತರಾದ ಮನೆತನ. ನರ್ಸಿಂಗ್ ಕಲಿತು, ಮದುವೆಯಾಗಿ, ಗಂಡನ ಜೊತೆ ಕಾಶಿಗೆ ಬಂದವರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೂ, ಕೆಲಸದಿಂದ ನಿವೃತ್ತರಾದ ಮೇಲೂ ಊರಿಗೆ ಹಿಂದಿರುಗಲಿಲ್ಲ. ದೇಶದ ಮೂಲೆಮೂಲೆಯಿಂದ ಜನ ಸಾಯಲಿಕ್ಕೆಂದೇ ಬರುವ ಊರಿನಲ್ಲಿ, ಇಲ್ಲಿ ಸತ್ತರೆ ವಿಶೇಷವಾಗಿ ಏನೂ ಸಿಗುವುದಿಲ್ಲವೆಂದು ನಂಬಿದ್ದ ಹೆಂಗಸೊಬ್ಬರು ನೆಲಮಹಡಿಯ ಎರಡು ಕೋಣೆಗಳಲ್ಲಿ ತಮ್ಮ ಪಾಡಿಗೆ ಉಳಿದುಕೊಂಡಿದ್ದರು.

ನಾನೂ ನನ್ನ ಗಂಡ ಮಾಧವರೂ ಮೈಸೂರಿನಿಂದ ಬಂದ ಹೊಸತರಲ್ಲಿ ಇಲ್ಲಿಯ ಲಂಕಾ ಎಂಬ ಪೇಟೆಯ ತರಕಾರಿ ಗಾಡಿಯೊಂದರ ಮುಂದೆ ಅವರ ಪರಿಚಯವಾಯಿತು. ಅವರ ಹಿಂದಿ ಇಲ್ಲಿಯ ಹಿಂದಿಯಲ್ಲ, ಹುಬ್ಬಳ್ಳಿ ಗದಗಿನ ಕಡೆಯ ಹಿಂದಿ. "ಮೇರೆಕು ನಕ್ಕೋ ಜೀ, ಕಾಯ್ಕು ಇತ್ನಾ ಬೋಲ್ತೆ," ಅನ್ನುತ್ತಿದ್ದರು. ಬನಾರಸಿನ ಗಾಡಿಯವನು ಅದನ್ನು ಕೇಳುವುದಕ್ಕಾಗಿಯೇ ಬೆಲೆ ಏರಿಸಿ ಹೇಳುತ್ತಿದ್ದ. ಕೊನೆಗೆ ಅವರು "ಇಂವಗ ಬುದ್ಧಿ ಯಾವಾಗ ಬರ್ತೈತೋ," ಎಂದು ಗೊಣಗಿಕೊಂಡದ್ದು ಕೇಳಿ ಮಾಧವ ತಿರುಗಿ ನೋಡಿದರು. ಆ ಸಂಜೆಯೇ ಅವರ ಮನೆಯಲ್ಲಿ ಸಜ್ಜೆ ರೊಟ್ಟಿ ತಿಂದೆವು. ಜೋಳದ ಹಿಟ್ಟು ಇಲ್ಲಿ ಸಿಗದೆಂದು ಊಟದುದ್ದಕ್ಕೂ ಈ ಊರನ್ನು ಬೈದುಕೊಂಡರು.

ಭಾನುವಾರ ಕಂಟೋನ್ಮೆಂಟಿನ ಹಳೆಯ ಚರ್ಚಿಗೆ ಹೋಗುತ್ತಿದ್ದರು. ಅಲ್ಲಿ ಎಲ್ಲರೂ ಹಿಂದಿಯಲ್ಲಿ ಹಾಡುವಾಗ ಇವರು ಅದೇ ರಾಗಕ್ಕೆ ಕನ್ನಡದ ಮಾತು ಹಾಕಿಕೊಂಡು ಹಾಡುವರು. ಹಾಗಾಗಿ ಪ್ರತಿ ಸಾಲೂ ಉಳಿದವರಿಗಿಂತ ತುಸು ತಡವಾಗಿ ಮುಗಿಯುತ್ತಿತ್ತು. ನಾನು ಒಂದು ಕ್ರಿಸ್‌ಮಸ್‌ಗೆ ಜೊತೆಗೆ ಹೋಗಿ ಕಿವಿಯಾರೆ ಕೇಳಿದ್ದೇನೆ. ಪಾದ್ರಿಗಳು ಪ್ರಸಂಗ ಶುರುಮಾಡಿದ ಕೂಡಲೇ ರೂತಕ್ಕ ತೂಕಡಿಸುತ್ತಿದ್ದರು. ಹೊರಗೆ ಬಂದ ಮೇಲೆ ಇವತ್ತು ಏನು ಹೇಳಿದರು ಅಂತ ಕೆಣಕಿದೆ. "ದಯೆ ಇರಬೇಕು ಅಂದ್ರು. ಅದು ಗೊತ್ತೈತಲ್ರಿ. ಗೊತ್ತಿದ್ದದ್ದ ಕೇಳಾಕ ಎಚ್ಚರ ಯಾಕಿರಬೇಕು?" ಅಂದರು.

ದಯೆ ಎಂದಾಗ ನಮಗೆ ಮೆತ್ತಗಿನ ದನಿ, ತಲೆ ಸವರುವ ಕೈ ನೆನಪಾಗುತ್ತದೆ. ರೂತಕ್ಕನಲ್ಲಿ ಇವೆರಡೂ ಇರಲಿಲ್ಲ. ಒಂದು ಯುಗಾದಿಗೆ ಇಲ್ಲಿಯ ಕನ್ನಡದ ಮನೆಗಳವರೆಲ್ಲ ಶಿವಾಲ ಬೀದಿಯಲ್ಲಿ ಸೇರಿ ಊಟ ಮಾಡಿದೆವು. ಅಡಿಗೆ ಅದೇ ಬೀದಿಯ ಸುಬ್ಬರಾಯರದು. ಬಿಸಿಲಿಗೆ ಪಾಯಸದ ಕಾಯಿಹಾಲು ಹುಳಿಯಾಗಿತ್ತೋ ಏನೋ, ಉಂಡವರೆಲ್ಲ ಹಾಸಿಗೆ ಹಿಡಿದರು. ಹಾಸಿಗೆಯಲ್ಲಿ ಮಲಗಿಕೊಂಡೇ ಒಬ್ಬರಿಗೊಬ್ಬರು ಫೋನು ಮಾಡಿ ಸುಬ್ಬರಾಯರ ಜನ್ಮ ಜಾಲಾಡಿದರು. ತಡವಾಗಿ ಬಂದು ಪಾಯಸ ಸಿಗದ ರೂತಕ್ಕ, ಪಾಯಸ ಸೇರದ ನನ್ನನ್ನು ಎಳೆದುಕೊಂಡು ಹೊರಟರು. ಹೋಗಿ ನೋಡಿದರೆ ಸುಬ್ಬರಾಯರೇ ಎಲ್ಲರಿಗಿಂತ ಹೆಚ್ಚು ಸುಸ್ತಾಗಿ, ಬಾಗಿಲು ತೆಗೆಯಲೂ ತ್ರಾಣವಿಲ್ಲದೆ ಬಿದ್ದಿದ್ದರು. ಅವರೂ ಅದೇ ಪಾಯಸ ಉಂಡಿದ್ದಾರೆ ಎಂಬುದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಕಾಯಿಹಾಲು ಹುಳಿ ಆದದ್ದು ಮೂಗಿಗೆ ಗೊತ್ತಾಗಲಿಲ್ಲೇನ್ರಿ? ಕಾಶ್ಯಾಗ ಇದ್ದಬದ್ದ ಕನ್ನಡದವ್ರನ್ನೆಲ್ಲಾ ಮಲಗಿಸಿಬಿಟ್ರಲ್ಲ. ಬಾಯಿ ತಗೀರಿ," ಎಂದು ರೂತಕ್ಕ ಗಂಜಿ ಕುಡಿಸಿದರು. ಕುಡಿಸಿ ಮುಗಿಯುವ ತನಕ ಬೈದರು. ಬಟ್ಟೆ ಬದಲಿಸುವಾಗಲೂ ಬೈದರು. ಸುಬ್ಬರಾಯರು ಕಣ್ಣೀರು ಹಾಕುತ್ತಿದ್ದರು, ಗಂಜಿಗೋ ಬೈಗುಳಕ್ಕೋ ನನಗೆ ತಿಳಿಯಲಿಲ್ಲ. ಬರುವಾಗ ದಾರಿಯಲ್ಲಿ "ನಿಮ್ಮ ದೇವರಿಗೆ ಒಳ್ಳೆಯವರು ಕಂಡ್ರೆ ಆಗಲ್ವಾ ರೂತಕ್ಕ?" ಎಂದು ಕೇಳಿದೆ. "ಒಳ್ಳೇರನ್ನ ನೋಡಿಕೊಳ್ಳಾಕ ನೀವೆಲ್ಲಾ ಅದೀರಲ್ರಿ," ಅಂದರು.

ಅಲ್ಲಿಯವರೆಗೆ ಇದೆಲ್ಲ ನನಗೆ ತಮಾಷೆಯಾಗಿತ್ತು. ಮಾಧವರಿಗೆ ಇನ್ನೂ ತಮಾಷೆ. "ನಾನೇನಾದರೂ ಕೊಲೆ ಮಾಡಿದರೆ ಊಟದ ಯೋಚನೆಯಿಲ್ಲ," ಅನ್ನುತ್ತಿದ್ದರು.

ಅದು ಜನವರಿಯ ಮಂಜಿನ ಬೆಳಗು. ಇಬ್ಬರೂ ಹಾಲು ತರಲು ಹೊರಟಿದ್ದೆವು. ಶಾಲು ಸರಿಮಾಡಿಕೊಳ್ಳಲು ನಾನು ನಿಂತೆ, ಮಾಧವ ಮುಂದೆ ಹೋದರು. ದೀಪವಿಲ್ಲದ ಒಂದು ಇ-ರಿಕ್ಷಾ ಮಂಜಿನೊಳಗಿಂದ ಬಂತು. ಆ ಗಾಡಿಗಳಿಗೆ ಸದ್ದೂ ಇರುವುದಿಲ್ಲ. ಮಾಧವರ ತಲೆ ಫುಟ್‌ಪಾತಿನ ಅಂಚಿಗೆ ಬಡಿದದ್ದನ್ನು ನಾನು ನೋಡಿದೆ. ಗಾಡಿಯವನು ಓಡಿಹೋಗಲಿಲ್ಲ. ಅವನೇ ಅವರನ್ನು ಎತ್ತಿ ಅದೇ ಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಕೊಂಡೊಯ್ದ. ಅವನು ಮುನ್ನಾ. ನಮ್ಮ ಗಲ್ಲಿಯ ಹಿಂದಿನವನು, ಬಾಡಿಗೆಯ ಗಾಡಿ ಓಡಿಸುತ್ತಿದ್ದವನು, ಭಾನುವಾರ ರೂತಕ್ಕನನ್ನು ಚರ್ಚಿಗೆ ಬಿಟ್ಟು ಬರುತ್ತಿದ್ದವನು. ದೀಪ ಕೆಟ್ಟು ಆಗಲೇ ಕೆಲವು ದಿನ ಆಗಿತ್ತಂತೆ. ನಾಳೆ ಮಾಡಿಸಿದರಾಯಿತು ಅಂದುಕೊಂಡಿದ್ದನಂತೆ.

ಆಸ್ಪತ್ರೆಯಲ್ಲಿ ರೂತಕ್ಕ ನನ್ನ ಪಕ್ಕದಲ್ಲೇ ಇದ್ದರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಅವರಿಗೆ ಅದು ಬರುತ್ತಿರಲಿಲ್ಲ. ಒಳಗೆ ಹೋಗಿ ಮಾಧವರ ತುಟಿ ಒರೆಸಿ ಬರುವರು, ಕೂರುವರು, ಮತ್ತೆ ಏಳುವರು. ಎಲ್ಲ ಮುಗಿಯಿತೆಂದು ಡಾಕ್ಟರು ಹೇಳುವ ಮುಂಚೆಯೇ, ಒಳಗಿಂದ ಬಂದ ಅವರ ಮುಖ ನೋಡಿ ನನಗೆ ತಿಳಿಯಿತು. ಭಾವ ಮೈಸೂರಿನಿಂದ ಬಂದು ಕರ್ಮಗಳನ್ನೆಲ್ಲ ಮುಗಿಸಿ ಹೊರಟರು. ಆ ದಿನಗಳಲ್ಲಿ ನನ್ನ ಗಂಟಲಲ್ಲಿ ಅನ್ನ ಇಳಿದದ್ದು ರೂತಕ್ಕ ಎದುರಿಗೆ ಕೂತು ಉಣ್ಣಿಸಿದಾಗ ಮಾತ್ರ. ಮಧ್ಯಾಹ್ನದ ಹೊತ್ತಿಗೆ ಅವರ ಡಬ್ಬಿಯ ಸದ್ದಿಗಾಗಿ ಕಾಯುತ್ತಿದ್ದೆ. ಆ ಮನೆಯಲ್ಲಿ ನನಗೆ ಬೇಕಾಗಿದ್ದ ಸದ್ದು ಅದೊಂದೇ.

ಒಂದು ದಿನ ಡಬ್ಬಿ ಕೊಡುವ ನೆಪದಲ್ಲಿ ನಾನೇ ಅವರ ಮನೆಗೆ ಹೋದೆ. ಒಲೆಯ ಮೇಲಿದ್ದ ಬೇಳೆ ಸಾರನ್ನು ಎರಡು ಡಬ್ಬಿಗಳಿಗೆ ತುಂಬುತ್ತಿದ್ದರು.

"ಇನ್ನೊಂದು ಯಾರಿಗೆ?" ಎಂದು ಕೇಳಿದೆ.

"ಮುನ್ನಾನ ಮನಿಗೆ," ಅಂದರು, ಸೌಟು ನಿಲ್ಲಿಸದೆ.

"ಯಾವಾಗಿಂದ?"

"ಮೊದಲಿಂದಲೂ. ಅವನ ಹೇಂತಿ ಒಲಿ ಹಚ್ಚಿಲ್ಲ. ಜಾಮೀನ ಮ್ಯಾಲ ಮನಿಗೆ ಬಂದಾನ, ಗಾಡಿ ಮಾಲಕ ಅವನ್ನ ಕೆಲಸದಿಂದ ತಗದಾನ. ಪೊಲೀಸರ ಕಾಟಕ್ಕ ಅಂಜಿ ಓಣ್ಯಾಗಿನವ್ರು ಅತ್ಲಾಗ ಹಾಯೂದಿಲ್ಲ."

"ನನಗೂ ಅವನಿಗೂ ಒಂದೇ ಪಾತ್ರೆಯಿಂದ."

"ನನ್ನ ಹತ್ರ ದೊಡ್ಡ ಪಾತ್ರಿ ಒಂದ ಐತ್ರಿ."

ಅದನ್ನು ಅವರು ಕುಚೋದ್ಯಕ್ಕೆ ಹೇಳಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರು. ಆದರೆ ನನ್ನ ಮೈಯೆಲ್ಲ ಉರಿದುಹೋಯಿತು. ಅವನ ಮೇಲೆ ನಿಮಗೆ ಸಿಟ್ಟೇ ಬರಲಿಲ್ವಾ ಎಂದು ಕೇಳಿದೆ.

"ಭಾಳ ಐತಿ. ನಿನ್ನೆ ಬಾಯಿಗೆ ಬಂದಂಗ ಬೈದು ಬಂದೀನಿ. ಸಿಟ್ಟ ಇಳದ ಮ್ಯಾಲ ಮಾಡ್ತೀನಿ ಅಂದ್ರ ಅದು ದಯೆ ಅಲ್ರಿ ಅಕ್ಕೋರ. ಸಿಟ್ಟ ಇಳದ ಮ್ಯಾಲ ಯಾರ ಬೇಕಾದ್ರೂ ಮಾಡ್ತಾರ. ಮನಸ್ಸಿಗೆ ಬಂದಾಗ ಮಾಡ್ರಿ ಅಂತ ನಮ್ಮ ಸ್ವಾಮಿ ನಮಗ ಹೇಳಿಲ್ಲ."

"ಮುಂದೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾದವಳು ನಾನು. ನನ್ನ ಮನಸ್ಸು ಕರಗಿಸೋಕೆ ನೋಡ್ತಿದ್ದೀರಾ?"

ಆಗ ಸೌಟು ನಿಂತಿತು. "ಕಂಡದ್ದು ಹೇಳ್ರಿ. ದೀಪ ಇರಲಿಲ್ಲ, ಇರಲಿಲ್ಲ ಅನ್ರಿ. ನಿಮ್ಮ ಬಾಯಿಂದ ಸುಳ್ಳ ಹೇಳಿಸೂದು ಅವಂಗ ಉಪಕಾರ ಅಲ್ಲ. ಹಂಗ ಹೇಳಸ್ರಿ ಅಂತ ಅವನೂ ನನ್ನ ಕೇಳಿಲ್ಲ."

"ಹಾಗಾದ್ರೆ ಒಂದು ಮನೆ ಆರಿಸಿಕೊಳ್ಳಿ ರೂತಕ್ಕ," ಅಂದೆ. "ಅವನ ಮನೆಗೆ ಹೋದ ಕಾಲಲ್ಲಿ ನನ್ನ ಮನೆಗೆ ಬರಬೇಡಿ."

ಅವರು ಎರಡೂ ಡಬ್ಬಿಗಳ ಮುಚ್ಚಳ ಹಾಕಿದರು. ಸೆರಗಿನಿಂದ ಕೈ ಒರೆಸಿಕೊಂಡರು. ನನ್ನನ್ನೇ ಆರಿಸುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಗಂಡನನ್ನು ಕಳೆದುಕೊಂಡವಳು ನಾನು, ಅವರ ಭಾಷೆಯವಳು ನಾನು, ತಪ್ಪು ಮಾಡದವಳು ನಾನು.

"ನಿಮಗ ಮೈಸೂರಾಗ ಜನ ಅದಾರ, ಯುನಿವರ್ಸಿಟಿಯೊಳಗ ಜನ ಅದಾರ," ಅಂದರು. "ಆ ಮನಿಗೆ ನಾ ಒಬ್ಬಾಕಿನ ಹೋಗಾಕಿ. ನೀವು ಬ್ಯಾಡ ಅಂದ್ರ ನಿಮ್ಮಲ್ಲಿಗೆ ಬರೂದಿಲ್ರಿ."

ನಾನು ಎದ್ದು ಬಂದೆ. ಮರುದಿನ ಡಬ್ಬಿ ಬರಲಿಲ್ಲ. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವರು. ಅವತ್ತು ನಾನು ಹಾಗೆ ಹೇಳಿದ್ದು ತಪ್ಪೆಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಸತ್ತವರು ನನ್ನ ಗಂಡ. ಸಿಟ್ಟು ಮಾಡುವ ಹಕ್ಕೂ ಇಲ್ಲದಿದ್ದರೆ ನನ್ನ ಬಳಿ ಇನ್ನೇನು ಉಳಿದಿತ್ತು?

ಆದರೆ ರೂತಕ್ಕ ಒಂದು ವಿಷಯದಲ್ಲಿ ಮೋಸಹೋಗಿದ್ದರು. ಅವರು ಹೇಳಿದ ಜನ ಸ್ವಲ್ಪ ದಿನ ಬಂದರು. ಹೆಗಲು ತಟ್ಟಿದರು, ಧೈರ್ಯವಾಗಿರಿ ಅಂದರು, ಹಣ್ಣು ಇಟ್ಟು ಹೋದರು. ಆಮೇಲೆ ಪರೀಕ್ಷೆಗಳು ಬಂದವು, ಮದುವೆಗಳು ಬಂದವು, ಅವರವರ ಕೆಲಸ ಅವರವರಿಗೆ. ಬೇಸಿಗೆಯ ಹೊತ್ತಿಗೆ ನಾನು ವಿಶ್ವವಿದ್ಯಾಲಯದಿಂದ ಬಂದು ಬೀಗ ತೆಗೆದರೆ ಮತ್ತೆ ಮರುದಿನ ಬೀಗ ಹಾಕುವ ತನಕ ಕನ್ನಡದ ಒಂದು ಮಾತು ಕಿವಿಗೆ ಬೀಳುತ್ತಿರಲಿಲ್ಲ. ನನಗೂ ಇದ್ದದ್ದು ಅವರೊಬ್ಬರೇ. ಅದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಅನ್ನಿಸಿತು, ಅಷ್ಟೇ ಸಲ ಸೆಟೆದುಕೊಂಡೆ. ಲಂಕಾದಲ್ಲಿ ದೂರದಿಂದ ಕಾಣುತ್ತಿದ್ದರು. ಕೈ ಎತ್ತುತ್ತಿದ್ದರು. ನಾನು ರಸ್ತೆ ದಾಟಿಬಿಡುತ್ತಿದ್ದೆ. ಕೈಯಲ್ಲಿ ಡಬ್ಬಿ ಇರುತ್ತಿತ್ತು, ನಡಿಗೆ ಮಾತ್ರ ನಿಧಾನವಾಗುತ್ತ ಬಂದಿತ್ತು.

ಹೀಗೆ ವರ್ಷದ ಮೇಲಾಯಿತು. ಒಂದು ಸಂಜೆ ಶಿವಾಲದ ಸುಬ್ಬರಾಯರು ಫೋನು ಮಾಡಿದರು. "ಅಮ್ಮಾ, ರೂತಮ್ಮನವರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಅಂತೆ. ಡಾಕ್ಟರು ಮನೆಗೇ ಕರಕೊಂಡು ಹೋಗಿ ಅಂದುಬಿಟ್ಟಿದ್ದಾರೆ. ನಿಮಗೆ ಗೊತ್ತಿರಲಿ ಅಂತ ಹೇಳಿದೆ," ಅಂದರು. ಅವರ ದನಿಯಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ.

ಹೋಗಬೇಕೋ ಬೇಡವೋ ಎಂದು ಎರಡು ದಿನ ಒದ್ದಾಡಿ ಹೋದೆ. ಕೋಣೆಯಲ್ಲಿ ಮುನ್ನಾನ ಹೆಂಡತಿ ಮಂಚದ ಪಕ್ಕ ಕೂತು ಗಾಳಿ ಹಾಕುತ್ತಿದ್ದಳು. ನನ್ನನ್ನು ಕಂಡವಳೇ ತಲೆಯ ಮೇಲೆ ಸೆರಗೆಳೆದುಕೊಂಡು ಬೀಸಣಿಗೆಯನ್ನು ಸ್ಟೂಲಿನ ಮೇಲಿಟ್ಟು ಹಿತ್ತಲ ಬಾಗಿಲಿಂದ ಹೊರಟುಹೋದಳು. ಆ ಬೀಸಣಿಗೆಯನ್ನು ಮುಟ್ಟಲು ನನಗೆ ಮನಸ್ಸಾಗಲಿಲ್ಲ. ಆದರೆ ಸೆಕೆ ಹಾಗಿತ್ತು, ಕರೆಂಟಿರಲಿಲ್ಲ. ಎತ್ತಿಕೊಂಡು ಬೀಸಿದೆ.

ರೂತಕ್ಕ ಒಂದು ಹಿಡಿಯಾಗಿದ್ದರು. "ಬಂದ್ರೇನ್ರಿ ಅಕ್ಕೋರ," ಅಂದರು, ಹಿಂದಿನ ದಿನವಷ್ಟೇ ಬಂದುಹೋದವಳನ್ನು ಕೇಳುವ ಹಾಗೆ. ಉಂಡಿರೇನು ಎಂದು ಕೇಳಿದರು. ಮಾತು ಬೇರೆಲ್ಲೋ ಸುತ್ತಿ ಅವರ ತಂದೆಯ ಕಡೆಗೆ ಹೋಯಿತು. ಅಷ್ಟು ವರ್ಷದಲ್ಲಿ ತಂದೆಯ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ.

"ನಮ್ಮ ಓಣ್ಯಾಗ ಬಾವಿ ಇತ್ರಿ. ಅದರ ಉಸಾಬರಿ ನಮ್ಮಪ್ಪಂದು. ಒಂದಿನ ಹಲಗಿ ಮುಚ್ಚೂದು ಬಿಟ್ಟ. ಉಂಡು ಬಂದು ಮುಚ್ಚಿದ್ರಾತು ಅಂದಾನ. ಬಾಜೂ ಮನಿ ಕೂಸು ಬಿತ್ತು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ಆ ವರ್ಷ ಕ್ರಿಸ್‌ಮಸ್‌ಗೆ ನಮ್ಮವ್ವ ಕರ್ಚಿಕಾಯಿ ಮಾಡಿದ್ಲು. ಮನಿಮನಿಗೆ ತಟ್ಟಿ ಕೊಡೂ ಪದ್ಧತಿ ಐತಿ ನಮ್ಮಲ್ಲಿ. ನಾನ ಹೊತಗೊಂಡು ಹ್ವಾದೆ. ಎಲ್ಲಾ ನಮ್ಮ ಚರ್ಚಿನ ಸಭೆಯವ್ರ ಮನಿನ. ಒಬ್ರೂ ಮ್ಯಾಲ ಮುಚ್ಚಿದ್ದ ಅರಿವಿ ತಗದು ಸೈತ ನೋಡ್ಲಿಲ್ರಿ. ಬೈದಿದ್ರ ನಡೀತಿತ್ತು. ಬೈಲೂ ಇಲ್ಲ. ತಟ್ಟಿ ಹಂಗ ತಿರುಗಿ ಬಂತು. ನಮ್ಮಪ್ಪ ಆ ಕರ್ಚಿಕಾಯಿ ಅಷ್ಟೂ ತಾನ ಕೂತು ತಿಂದ. ಅಳಕೋತ ತಿಂದ."

ನಾನು ಬೀಸುತ್ತ ಕೂತಿದ್ದೆ. ಆ ಕತೆಯಿಂದ ನನ್ನ ಮನಸ್ಸು ಕರಗಿಹೋಯಿತೆಂದು ಯಾರೂ ತಿಳಿಯಬೇಕಾಗಿಲ್ಲ. ನನಗೆ ನೆನಪಾದದ್ದು ಬಾವಿಗೆ ಬಿದ್ದ ಕೂಸಿನ ತಾಯಿ. ಅವಳ ಮನೆಗೂ ಆ ತಟ್ಟೆ ಹೋಗಿತ್ತೇ? ಹೋಗಿದ್ದರೆ ಅವಳು ಏನು ಮಾಡಬೇಕಿತ್ತು?

"ನೀವು ನನಗೆ ಅನ್ಯಾಯ ಮಾಡಿದಿರಿ ರೂತಕ್ಕ," ಅಂದೆ. ಸಾಯುತ್ತಿರುವವರಿಗೆ ಹೇಳುವ ಮಾತಲ್ಲ. ಆದರೆ ಅದನ್ನು ಹೇಳದೆ ಎದ್ದುಬರುವುದು ನನ್ನಿಂದ ಆಗುತ್ತಿರಲಿಲ್ಲ. "ನನಗೂ ನೀವೊಬ್ಬರೇ ಇದ್ದದ್ದು. ಅದು ನಿಮಗೆ ಕಾಣಲಿಲ್ಲ."

"ಹೌದ್ರಿ," ಅಂದರು. "ನಿಮಗ ಅನ್ಯಾಯ ಮಾಡೀನಿ. ಆ ಲೆಕ್ಕ ನಂದು ತಪ್ಪೈತಿ." ಆಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಆದ್ರೂ ಬಂದ್ರಲ್ಲ ನೀವು, ನನ್ನ ಮನಿಗೆ."

ಬಟ್ಟೆ ಒದ್ದೆ ಮಾಡಿ ಅವರ ತುಟಿ ಒರೆಸಿದೆ. ಆಸ್ಪತ್ರೆಯಲ್ಲಿ ಮಾಧವರ ತುಟಿಯನ್ನು ಅವರು ಹೇಗೆ ಒರೆಸುತ್ತಿದ್ದರೋ ಹಾಗೆ ಒರೆಸಲು ನೋಡಿದೆ, ನನ್ನ ಕೈಗೆ ಅದು ಬರಲಿಲ್ಲ. ಕತ್ತಲಾಗುವ ಮುಂಚೆ ಎದ್ದು ಬಂದೆ. ಮತ್ತೆ ಅವರನ್ನು ಜೀವಂತ ನೋಡಲಿಲ್ಲ.

ಮಣ್ಣು ಮಾಡಲು ಬಂದವರು ಬೆರಳೆಣಿಕೆಯಷ್ಟು. ಚರ್ಚಿನ ಕೆಲವರು, ಅವರ ಜೊತೆ ಕೆಲಸ ಮಾಡಿದ್ದ ವಯಸ್ಸಾದ ನರ್ಸುಗಳು, ಸುಬ್ಬರಾಯರು, ನಾನು. ಪಾದ್ರಿಗಳು ಹಿಂದಿಯಲ್ಲಿ ಇವರು ಬಹಳ ದಯಾಳು ಸಹೋದರಿ ಎಂದರು. ಆ ಪದ ರೂತಕ್ಕನಿಗೆ ಮೆತ್ತಗಾಯಿತು ಅನ್ನಿಸಿತು. ಅವರ ದಯೆಯ ಕೆಳಗೆ ಸಿಕ್ಕಿ ಪೆಟ್ಟು ತಿಂದವಳು ನಾನು, ಅದು ಎಷ್ಟು ಗಟ್ಟಿ ಎಂದು ನನಗೆ ಗೊತ್ತು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಗುಂಡಿ ತೋಡಿದವರು ಗುದ್ದಲಿ ಹಿಡಿದು ಕಾಯುತ್ತಿದ್ದರು. ಇನ್ಯಾರಾದರೂ ಇದ್ದಾರೆಯೇ ಎಂದು ಪಾದ್ರಿಗಳು ಕೇಳಿದರು. ನಾನು ಗೇಟಿನ ಕಡೆ ನೋಡಿದೆ. ಹೊರಗೆ ಕಾಂಪೌಂಡಿನ ಗೋಡೆಯ ಪಕ್ಕ ಮುನ್ನಾ ಮತ್ತು ಅವನ ಹೆಂಡತಿ ನಿಂತಿದ್ದರು. ಬಂದಾಗಿನಿಂದ ನಿಂತೇ ಇದ್ದರು. ಕೊನೆಯ ದಿನಗಳಲ್ಲಿ ರೂತಕ್ಕನ ಮೈ ತೊಳೆದು ಹಾಸಿಗೆ ಬದಲಿಸಿದವರು ಅವರೇ. ನಾನು ಒಳಗಿರುವ ತನಕ ಅವರು ಒಳಗೆ ಬರುವವರಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೊರಗೆ ಹೋಗಿಬಿಡಬಹುದಿತ್ತು. ಅದು ಸುಲಭವಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ.

"ಮುನ್ನಾ, ಆ ಜಾಓ," ಅಂದೆ. "ಮಿಟ್ಟಿ ದೇ ದೋ."

ಅವನ ಹೆಸರು ಹಿಡಿದು ನಾನು ಕರೆದದ್ದು ಅದೇ ಮೊದಲು. ಅವನು ಚಪ್ಪಲಿ ಗೇಟಿನ ಹೊರಗೇ ಬಿಟ್ಟು ಬಂದ. ಮಣ್ಣು ಹಾಕಿದ. ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ. ಅವನ ಹೆಂಡತಿ ಮಾತ್ರ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿ ಕೂತು "ಅಮ್ಮಾ, ಅಮ್ಮಾ" ಎಂದು ಕನ್ನಡದವರ ಹಾಗೆಯೇ ಅತ್ತಳು. ಅವನನ್ನು ನಾನು ಕ್ಷಮಿಸಿದೆ ಎಂದು ಬರೆದರೆ ಅದು ಸುಳ್ಳು.

ಕೇಸು ಇನ್ನೂ ನಡೆಯುತ್ತಿದೆ. ಬರುವ ತಿಂಗಳು ನನ್ನ ಸಾಕ್ಷಿ ಇದೆಯೆಂದು ವಕೀಲರು ಹೇಳಿದ್ದಾರೆ. ದೀಪ ಇರಲಿಲ್ಲ ಎಂದೇ ಹೇಳುತ್ತೇನೆ, ಏಕೆಂದರೆ ಇರಲಿಲ್ಲ. ಅದರಲ್ಲಿ ನನಗೆ ಗೊಂದಲವಿಲ್ಲ. ಆದರೆ ಅದನ್ನು ಹೇಳಿ ಮುಗಿಸಿದ ಮೇಲೆ, ಅವನನ್ನು ಒಳಗೆ ಹಾಕಿದರೆ, ಆ ಗಲ್ಲಿಯ ಆ ಮನೆಗೆ ಮರುದಿನ ಯಾರು ಹೋಗುತ್ತಾರೆ? ರೂತಕ್ಕ ಇರುವ ತನಕ ಈ ಪ್ರಶ್ನೆ ನನ್ನದಾಗಿರಲಿಲ್ಲ.